ಕುಡಿದು ವಾಹನ ನಡೆಸಿದ ಆಪಾದನೆ: ಕಾನೂನು ಏನೆನ್ನುತ್ತದೆ?



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ರಿಕ್ಷಾ, ಟೆಂಪೊ ನಡೆಸುವವರಿದ್ದಾರೆ. ರಾತ್ರಿಪಾಳಿ ಮುಗಿಸಿ ಕಲ್ಯಾಣ-ಶೀಳ್ ರಸ್ತೆಯಲ್ಲೋ ಠಾಣೆ-ಬೇಲಾಪುರ ರಸ್ತೆಯಲ್ಲೋ ಮೋಟಾರ್ ಸೈಕಲ್ಲಿನಲ್ಲಿ ಮನೆ ಸೇರುವವರೂ ಇದ್ದಾರೆ. ಇವರಲ್ಲಿ ಅನೇಕರಿಗೆ ಲೈಸೆನ್ಸೇ ಅನ್ನ. ಆದುದರಿಂದ ಈ ವಿಷಯವನ್ನು ತಿಳಿದಿರುವುದು ಅವಶ್ಯ.

1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನಂತೆ, ವಾಹನ ನಡೆಸುವವನ ಅಥವಾ ನಡೆಸಲು ಯತ್ನಿಸುವವನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. 2019ರ ತಿದ್ದುಪಡಿಯ ಮೇರೆಗೆ ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಮತ್ತೆ ಮಾಡಿದರೆ 2 ವರ್ಷದವರೆಗೆ ಸಜೆ ಅಥವಾ 15,000 ರೂಪಾಯಿ ದಂಡ, ಇಲ್ಲವೆ ಎರಡೂ. ಶಿಕ್ಷೆಯಾದರೆ ಕನಿಷ್ಠ 6 ತಿಂಗಳು ಲೈಸೆನ್ಸಿಗೂ ಸಂಚಕಾರ.

ಹಿಡಿದಾಗ ನೆನಪಿಡತಕ್ಕ ಸಂಗತಿಗಳಿವು:

1. ಸಮವಸ್ತ್ರದಲ್ಲಿರುವ ಪೋಲೀಸರು ಸಕಾರಣವಾದ ಸಂಶಯವಿದ್ದರೆ ಉಸಿರಿನ ಪರೀಕ್ಷೆ ಕೇಳಬಹುದು. ನಿರಾಕರಿಸುವುದು ಜಾಣತನವಲ್ಲ. ಆಗ ವಾರಂಟಿಲ್ಲದೆ ಬಂಧಿಸಬಹುದು. 205ನೆಯ ಕಲಮಿನಂತೆ, ತಕ್ಕ ಕಾರಣ ತೋರಿಸದಿದ್ದರೆ ಆ ನಿರಾಕರಣೆಯೇ ನಿಮಗೆ ವಿರುದ್ಧವಾದೀತು.

2. ಉಸಿರಿನ ಪರೀಕ್ಷೆಯ ಮೇಲೆ ಬಂಧನವಾದರೆ ಠಾಣೆಯಲ್ಲಿ ಇನ್ನೊಮ್ಮೆ ಉಸಿರು ಪರೀಕ್ಷೆಗೆ ಅವಕಾಶ ಕೊಡಬೇಕೆಂದು 203ನೆಯ ಕಲಮು ಹೇಳುತ್ತದೆ. ಮದ್ಯಸಾರವುಳ್ಳ ಔಷಧವನ್ನು ಆಗತಾನೆ ಕುಡಿದಿದ್ದರೆ ಬಾಯಲ್ಲಿ ಉಳಿದ ಅಂಶ ಯಂತ್ರಕ್ಕೆ ಸಿಗಬಹುದು. ಅದನ್ನು ಅಲ್ಲೇ ತಿಳಿಸಿ, ಎರಡನೆಯ ಪರೀಕ್ಷೆ ಕೇಳಿರಿ.

3. ಪೋಲೀಸರು ತಮ್ಮ ಕಣ್ಣೆದುರಿನ ಅಪರಾಧವೆಂದು ಬಂಧಿಸಿದರೆ, 202ನೆಯ ಕಲಮಿನಂತೆ ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆಯಾಗಬೇಕು. ಆಗದಿದ್ದರೆ ಬಿಡುಗಡೆ ಮಾಡಬೇಕು. ಬಂಧನದ ಹೊತ್ತನ್ನು ಗುರುತು ಹಾಕಿಕೊಳ್ಳಿರಿ.

4. ಇದು ಜಾಮೀನು ಕೊಡತಕ್ಕ ಅಪರಾಧ. ಬಂಧನದ ಕಾರಣ ತಿಳಿಯುವ, ಮನೆಯವರಿಗೆ ಸುದ್ದಿ ಮುಟ್ಟಿಸುವ, ವಕೀಲರನ್ನು ಕಾಣುವ ಹಕ್ಕು ನಿಮಗಿದೆ.

5. ಲೈಸೆನ್ಸು ಇಟ್ಟುಕೊಂಡರೆ ರಸೀದಿ ಪಡೆಯಿರಿ. ಆದರೆ ಈ ಆಪಾದನೆಯಲ್ಲಿ ಆ ರಸೀದಿ ಹಿಡಿದು ವಾಹನ ನಡೆಸುವಂತಿಲ್ಲ.

6. ಮರಾಠಿ ಕಾಗದ ಓದಲು ಬಾರದಿದ್ದರೆ ಅರ್ಥ ತಿಳಿಯದೆ ಸಹಿ ಹಾಕಬೇಡಿರಿ. ಕೋರ್ಟಿನಲ್ಲಿ ನಿಮಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತಿಳಿಯುವ ಭಾಷೆಯಲ್ಲಿ ಹೇಳಿಸಿಕೊಡಬೇಕೆಂಬುದು ಕಾನೂನು.

ಹಾಗಾದರೆ ವಾದಕ್ಕೆ ಅವಕಾಶವೆಲ್ಲಿ? ವಾಹನ ನಡೆಸುತ್ತಿದ್ದವರು ನೀವೇ ಎಂಬುದನ್ನೂ, ಮದ್ಯಸಾರ ಮಿತಿ ಮೀರಿತ್ತೆಂಬುದನ್ನೂ ಸರ್ಕಾರವೇ ಸಿದ್ಧಪಡಿಸಬೇಕು. ಹಿಂದೆ ಕುಳಿತವನ ಮೇಲೆ ಈ ಆಪಾದನೆ ನಿಲ್ಲದು. 1971ರಲ್ಲಿ ಬಚುಭಾಯಿ ಹಸನಲ್ಲಿ ಕರ್ಯಾನಿ ವಿರುದ್ಧ ಮಹಾರಾಷ್ಟ್ರ ರಾಜ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬಾಯಿಯ ವಾಸನೆ, ತೂರಾಡುವ ನಡಿಗೆ, ತೊದಲು ಮಾತು, ಹಿಗ್ಗಿದ ಕಣ್ಣಪಾಪೆ ಇಷ್ಟರಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದೆಂದಿತು. ಪರೀಕ್ಷೆಯ ಮಹತ್ವ ಇದರಿಂದ ತಿಳಿಯುತ್ತದೆ.

ಒಂದು ದಿನದ ಕೂಲಿ ಉಳಿಯಲೆಂದು ಠಾಣೆ, ಕಲ್ಯಾಣದ ಕೋರ್ಟುಗಳಲ್ಲಿ ಅವಸರದಿಂದ ತಪ್ಪೊಪ್ಪಿಕೊಳ್ಳುವ ಮೊದಲು ವಕೀಲರನ್ನು ಕೇಳಿರಿ. ಆ ಶಿಕ್ಷೆ ದಾಖಲೆಯಲ್ಲಿ ಉಳಿಯುತ್ತದೆ. ಹಣವಿಲ್ಲವೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯಂತೆ ಕೈಗಾರಿಕಾ ಕಾರ್ಮಿಕರು, ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಉಚಿತ ವಕೀಲರಿಗೆ ಅರ್ಹರು. ದೂರವಾಣಿ 15100.

ಈ ಹಕ್ಕುಗಳು ನಿರಪರಾಧಿಯ ರಕ್ಷಣೆಗೂ, ಅಪರಾಧಿಗೆ ನ್ಯಾಯವಾದ ವಿಚಾರಣೆ ಸಿಗಲೆಂದೂ ಇವೆ. ಕುಡಿದು ವಾಹನ ನಡೆಸಲು ಕೊಟ್ಟ ಪರವಾನಿಗೆಯಲ್ಲ. ರಸ್ತೆ ದಾಟುತ್ತಿರುವವನೂ ನಮ್ಮಂತೆ ಪಾಳಿ ಮುಗಿಸಿ ಮನೆಗೆ ಹೊರಟವನೇ. ಕುಡಿದ ದಿನ ವಾಹನವನ್ನು ಅಲ್ಲೇ ಬಿಟ್ಟು ಲೋಕಲ್ ಗಾಡಿ ಹಿಡಿಯಿರಿ.