ಚಂದಾ ಕಟ್ಟುವ ಮುನ್ನ

ಕಾಲೇಜು ಗ್ರಂಥಪಾಲಕಿಯ ಕೆಲಸ ಸಿಕ್ಕಿ ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಗೆ ಹೊರಟಿದ್ದೀಯ ಎಂದು ಕೇಳಿ ಸಂತೋಷವಾಯಿತಮ್ಮ. ‘ಊರು ಆಂಧ್ರದ ಗಡಿಗೆ ಅಂಟಿಕೊಂಡಿದೆ, ಕೈಗೆ ಬರೋ ದುಡ್ಡು ಕಮ್ಮಿ, ಅಲ್ಲಿ ಕೂತು ಜರ್ನಲ್ಲು ಗಿರ್ನಲ್ಲು ಅಂತ ಏನು ಮಾಡೋದು ಸಾರ್?’ ಎಂದು ಫೋನಿನಲ್ಲಿ ಕೇಳಿದೆಯಲ್ಲ, ಆಗ ಅರ್ಧ ಉತ್ತರ ಕೊಟ್ಟಿದ್ದೆ. ಉಳಿದರ್ಧ ಇಲ್ಲಿದೆ. ಮಧುಗಿರಿ, ಶಿರಾ, ಕೊರಟಗೆರೆ ಕಡೆ ಇದೇ ಕೆಲಸಕ್ಕೆ ಸೇರುವ ನಿನ್ನ ಜೊತೆಯವರೂ ಓದಿಕೊಳ್ಳಲಿ.

ಬಡ ಲೈಬ್ರರಿ ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆ. ನನ್ನ ಕಾಲದಲ್ಲಿ ಒಂದು ವಿದೇಶಿ ಜರ್ನಲ್ಲಿನ ವರ್ಷದ ಚಂದಾ ಒಂದು ಸಣ್ಣ ಕಾಲೇಜಿನ ಇಡೀ ಪುಸ್ತಕದ ಹಣವನ್ನು ನುಂಗುತ್ತಿತ್ತು. ಬೇಕಾದ ಲೇಖನಕ್ಕೆ ಬೆಂಗಳೂರಿಗೆ ಹೋಗಿ, ಪರಿಚಯದವರ ಕೈಕಾಲು ಹಿಡಿದು ಜೆರಾಕ್ಸ್ ಮಾಡಿಸಿಕೊಂಡು ಬರಬೇಕಿತ್ತು. ಈಗ ಹಾಗಿಲ್ಲ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025, 2026, 2027 ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ಇ-ಜರ್ನಲ್‌ಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಕೈಕೆಳಗಿನ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅದು ತೆರೆದಿದೆ. ನೋಡಿಕೊಳ್ಳುವವರು ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ನವರು. ಇನ್ನು ಅನುದಾನಿತ ಕಾಲೇಜುಗಳಿಗೆ ಅವರದೇ ಎನ್-ಲಿಸ್ಟ್ 2010ರಿಂದ ಇದೆ. ವರ್ಷಕ್ಕೆ ಐದಾರು ಸಾವಿರ ರೂಪಾಯಿ ಕಟ್ಟಿದರೆ ಆರು ಸಾವಿರಕ್ಕೂ ಮೇಲ್ಪಟ್ಟು ಜರ್ನಲ್ಲು ಸಿಗುತ್ತವೆ.

ಆದರೆ ನೋಂದಣಿ ಆಗಿರಬೇಕು, ಕಾಲೇಜಿನಿಂದ ಒಬ್ಬ ನೋಡಲ್ ಅಧಿಕಾರಿಯ ಹೆಸರು ಹೋಗಿರಬೇಕು. ಕೆಲಸಕ್ಕೆ ಸೇರಿದ ವಾರದಲ್ಲೇ ಮೊದಲು ಅದನ್ನು ನೋಡು. ಎಷ್ಟೋ ಕಡೆ ಹಿಂದಿದ್ದವರ ಹೆಸರಿನಲ್ಲಿ ನೋಂದಣಿಯಾಗಿ, ಅವರು ವರ್ಗವಾಗಿ ಹೋಗಿ, ಪಾಸ್‌ವರ್ಡ್ ಅವರ ಹಳೇ ಮೊಬೈಲಿನ ಜೊತೆಗೇ ಹೋಗಿರುತ್ತದೆ. ಫಲಕದ ಮೇಲೆ ಮಾತ್ರ ‘ಇಲ್ಲಿ ಇ-ಜರ್ನಲ್ ಸೌಲಭ್ಯವಿದೆ’ ಎಂದು ನ್ಯಾಕ್ ಸಮಿತಿಗಾಗಿ ಬರೆಸಿದ್ದು ಉಳಿದಿರುತ್ತದೆ.

ಸೌಲಭ್ಯ ಇದ್ದರೂ ಯಾರೂ ನೋಡುವುದಿಲ್ಲ ಎಂದು ನೀನು ಮುಂದೆ ಗೊಣಗುತ್ತೀಯ, ನನಗೆ ಗೊತ್ತು. ‘ಡೇಟಾಬೇಸ್ ಬಳಸುವುದು ಹೇಗೆ’ ಎಂದು ಸ್ಲೈಡು ಹಾಕಿ ಪಾಠ ಮಾಡಬೇಡ, ಹುಡುಗರು ಆಕಳಿಸುತ್ತಾರೆ. ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಪಾವಗಡ’ ಎಂದು ಟೈಪ್ ಮಾಡಿಸು, ಸಾಕು. ತಿರುಮಣಿಯ ಸೋಲಾರ್ ಪಾರ್ಕ್ ಬಗ್ಗೆ ಬರೆದ ಲೇಖನಗಳು ಎದುರಿಗೆ ಬಂದು ನಿಲ್ಲುತ್ತವೆ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಅದರಿಂದ ಜಮೀನಿದ್ದವನಿಗೆ ಏನಾಯಿತು, ಜಮೀನಿಲ್ಲದ ಕೂಲಿಯವನಿಗೆ ಏನಾಯಿತು ಎಂದು ಎಲ್ಲೆಲ್ಲಿಂದಲೋ ಬಂದವರು ಓಡಾಡಿ ಬರೆದಿದ್ದಾರೆ. ನಿನ್ನ ಮುಂದೆ ಕುಳಿತ ಹುಡುಗನ ಅಪ್ಪನೇ ಜಮೀನು ಗುತ್ತಿಗೆಗೆ ಕೊಟ್ಟವನಾಗಿರಬಹುದು. ಬರೆದದ್ದು ಸರಿಯೋ ತಪ್ಪೋ ಎಂದು ಅವನು ಜಗಳಕ್ಕೆ ನಿಂತರೆ ನಿನ್ನ ಕೆಲಸ ಆಯಿತು. ಕೊಳವೆ ಬಾವಿಯ ಫ್ಲೋರೈಡ್ ನೀರಿನ ಬಗ್ಗೆ ಹುಡುಕಿಸು, ರೇಷ್ಮೆ ಕೈಮಗ್ಗದ ಬಗ್ಗೆ ಹುಡುಕಿಸು. ಹೊಸಕೋಟೆಯಲ್ಲಿ ಮಗ್ಗದ ಸದ್ದು ಕೇಳದೆ ಬೆಳೆದ ಮಕ್ಕಳು ಎಷ್ಟಿದ್ದಾರು? ದುಡ್ಡೇ ಬೇಡದ ಜರ್ನಲ್‌ಗಳೂ ಇವೆ. ಬೆಂಗಳೂರಿನಿಂದ 1932ರಿಂದ ಬರುತ್ತಿರುವ ‘ಕರೆಂಟ್ ಸೈನ್ಸ್’, ವಿಜ್ಞಾನ ಅಕಾಡೆಮಿಯವರು 1996ರಲ್ಲಿ ವಿದ್ಯಾರ್ಥಿಗಳಿಗೆಂದೇ ಶುರು ಮಾಡಿದ ‘ರೆಸೊನೆನ್ಸ್’, ಎರಡೂ ಜಾಲದಲ್ಲಿ ಪುಕ್ಕಟೆ. ಬಿಎಸ್ಸಿ ಮಕ್ಕಳಿಗೆ ಎರಡನೆಯದನ್ನು ತೋರಿಸದೆ ಇರಬೇಡ.

ಒಂದು ಎಚ್ಚರಿಕೆ. ಪುಕ್ಕಟೆ ಸಿಕ್ಕಿತೆಂದು ಯಾವನಾದರೂ ಒಂದು ಜರ್ನಲ್ಲಿನ ಸಂಪುಟಗಳನ್ನೆಲ್ಲ ಒಂದೇ ರಾತ್ರಿ ಡೌನ್‌ಲೋಡ್ ಮಾಡಲು ಕೂತರೆ ಪ್ರಕಾಶಕರು ಇಡೀ ಕಾಲೇಜಿನ ಸಂಪರ್ಕವನ್ನೇ ಕತ್ತರಿಸುತ್ತಾರೆ. ತನಗೆ ಬೇಕಾದ ಲೇಖನ ಇಳಿಸಿಕೊಳ್ಳಲಿ, ಅಷ್ಟು ಸಾಕು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ದೆಹಲಿಯಿಂದ ಬರುವುದಕ್ಕೆ ನೀನು ಓದುಗರನ್ನು ಹುಡುಕಬೇಕು. ನಿನ್ನ ಕೈಯಲ್ಲಿರುವ ನಾಲ್ಕು ಕಾಸನ್ನು ದೆಹಲಿಯ ಪಟ್ಟಿಯಲ್ಲಿ ಎಂದೂ ಬಾರದ್ದಕ್ಕೆ ಖರ್ಚು ಮಾಡಬೇಕು. ಆ 13,000 ಇ-ಜರ್ನಲ್‌ಗಳಲ್ಲಿ ಕನ್ನಡ ಹುಡುಕಿ ನೋಡು, ತಿಳಿಯುತ್ತದೆ. ಕನ್ನಡ ಸಾಹಿತ್ಯ ಪರಿಷತ್ತು 1916ರಲ್ಲಿ ಶುರು ಮಾಡಿದ ಪತ್ರಿಕೆ, 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ ‘ಪ್ರಬುದ್ಧ ಕರ್ಣಾಟಕ’, ಅಡಿಗರ ‘ಸಾಕ್ಷಿ’, ಚಂಪಾ ಅವರ ‘ಸಂಕ್ರಮಣ’, ಅನಂತಮೂರ್ತಿಯವರ ‘ರುಜುವಾತು’, ವಿವೇಕ ಶಾನಭಾಗರ ‘ದೇಶ ಕಾಲ’ ಇವೆಲ್ಲ ಯಾವುದೋ ಬಹುರಾಷ್ಟ್ರೀಯ ಕಂಪನಿಯ ಸರ್ವರಿನಲ್ಲಿ ಕಾದು ಕೂತಿಲ್ಲ. ಬಂದ ಕಾಲಕ್ಕೆ ಯಾರೋ ಚಂದಾ ಕಟ್ಟಿದರು, ಯಾರೋ ಗುಮಾಸ್ತ ಜೋಡಿಸಿ ಬೈಂಡ್ ಮಾಡಿಸಿದ. ಹಾಗೆ ಮಾಡಿದ ಕಡೆ ಮಾತ್ರ ಪೂರ್ತಿ ಸೆಟ್ಟು ಉಳಿದಿದೆ. ಕೈಯಿಂದ ಕಳೆದ ಸಣ್ಣ ಪತ್ರಿಕೆಯನ್ನು ಆಮೇಲೆ ಎಷ್ಟು ದುಡ್ಡು ಕೊಟ್ಟರೂ ತರಲಾಗುವುದಿಲ್ಲ.

ಆದ್ದರಿಂದ ಪಟ್ಟಿ ಮಾಡುವಾಗ ಸಾಹಿತ್ಯಕ್ಕೆ ಎರಡು ಮೂರು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’, ರೈತರೇ ಲೇಖಕರಾಗಿ ಬರೆಯುವ ಪುತ್ತೂರಿನ ‘ಅಡಿಕೆ ಪತ್ರಿಕೆ’ (ಪಾವಗಡದಲ್ಲಿ ಅಡಿಕೆಯೆಲ್ಲಿ ಎಂದು ನಗಬೇಡ, ಅದರಲ್ಲಿ ನೀರಿಂಗಿಸುವ ಪಾಠ ಬೇಕಾದಷ್ಟಿದೆ), ಕೇಂದ್ರ ರೇಷ್ಮೆ ಮಂಡಳಿಯ ‘ಇಂಡಿಯನ್ ಸಿಲ್ಕ್’, ಅರ್ಥಶಾಸ್ತ್ರದವರಿಗೆ ‘ಇಪಿಡಬ್ಲ್ಯು’ ಇಂಥವು ಇರಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನುವ ಮಕ್ಕಳೇ ನಿನ್ನಲ್ಲಿ ಹೆಚ್ಚು; ಒಳ್ಳೆಯ ತೆಲುಗು ಮಾಸಿಕ ಒಂದು ಮೇಜಿನ ಮೇಲಿದ್ದರೆ ಯಾರ ಗಂಟೂ ಹೋಗುವುದಿಲ್ಲ.

ದುಡ್ಡಿನ ವಿಷಯ. ಜರ್ನಲ್ಲಿನ ವರ್ಷ ಜನವರಿಯಿಂದ ಡಿಸೆಂಬರ್, ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಈ ಎರಡರ ನಡುವೆ ಸಿಕ್ಕಿಬಿದ್ದು ಎಷ್ಟೋ ಲೈಬ್ರರಿಗಳು ಮಾರ್ಚ್ 31ಕ್ಕೆ ಗಡಿಬಿಡಿಯಲ್ಲಿ ಚಂದಾ ಕಟ್ಟುತ್ತವೆ. ಅಷ್ಟರಲ್ಲಿ ಮೂರು ಸಂಚಿಕೆ ಮುಗಿದಿರುತ್ತವೆ. ಸೆಪ್ಟೆಂಬರಿನಲ್ಲಿ ಅಧ್ಯಾಪಕರಿಂದ ಬೇಡಿಕೆ ತೆಗೆದುಕೊ, ಅಕ್ಟೋಬರಿನಲ್ಲಿ ಲೈಬ್ರರಿ ಕಮಿಟಿ ಮುಂದಿಡು, ನವೆಂಬರಿನಲ್ಲಿ ಹಣ ಹೋಗಲಿ. ‘ಮಾಲು ಬರುವ ಮೊದಲೇ ಹಣ ಹೇಗೆ ಕೊಟ್ಟಿರಿ?’ ಎಂದು ಆಡಿಟಿನವರು ಕೇಳಿಯೇ ಕೇಳುತ್ತಾರೆ. ಚಂದಾ ಎಂದರೆ ಜಗತ್ತಿನಲ್ಲೆಲ್ಲ ಮುಂಗಡವೇ. ಕಮಿಟಿಯ ನಡಾವಳಿ, ಪ್ರಕಾಶಕರ ದರಪಟ್ಟಿ, ರಸೀದಿ ಈ ಮೂರು ಒಂದೇ ಫೈಲಿನಲ್ಲಿದ್ದರೆ ಆಕ್ಷೇಪಣೆ ಅಲ್ಲೇ ಮುಗಿಯುತ್ತದೆ.

ಹತ್ತು ಹನ್ನೆರಡು ಪತ್ರಿಕೆಗೆ ಏಜೆಂಟರ ಅಗತ್ಯವಿಲ್ಲ, ನೇರ ಪ್ರಕಾಶಕರಿಗೇ ಕಳಿಸು. ಏಜೆಂಟರ ಮೂಲಕವೇ ಆಗಬೇಕೆಂದರೆ ಎಲ್ಲ ಹಣವನ್ನೂ ಒಬ್ಬರ ಕೈಗೆ ಕೊಡಬೇಡ. ಹಾಲೆಂಡಿನ ‘ಸ್ವೆಟ್ಸ್’ ನೂರು ವರ್ಷ ದಾಟಿದ ಚಂದಾ ಕಂಪನಿ. 2014ರ ಸೆಪ್ಟೆಂಬರಿನಲ್ಲಿ ದಿವಾಳಿಯಾಯಿತು. ಮುಂಗಡ ಕೊಟ್ಟ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳೇ ಕೈ ಸುಟ್ಟುಕೊಂಡವು. ಇನ್ನು ಕನ್ನಡದ ಸಣ್ಣ ಪತ್ರಿಕೆಗಳ ‘ಆಜೀವ ಚಂದಾ’. ಆ ಆಯುಷ್ಯ ಚಂದಾದಾರನದಲ್ಲ, ಪತ್ರಿಕೆಯದು. ಸಾಮಾನ್ಯವಾಗಿ ಅದೇ ಮೊದಲು ಹೋಗುತ್ತದೆ. ಸಂಪಾದಕರ ಮೇಲಿನ ಪ್ರೀತಿಗೆ ಕೊಡುವುದಾದರೆ ನಿನ್ನ ಸ್ವಂತ ಜೇಬಿನಿಂದ ಕೊಡು, ಸರ್ಕಾರದ ಹಣವನ್ನು ವರ್ಷದ ಲೆಕ್ಕದಲ್ಲಿ ಕಟ್ಟು.

ಅಧ್ಯಾಪಕರು ತರುವ ಬೇಡಿಕೆಯಲ್ಲಿ ‘ಅಂತರರಾಷ್ಟ್ರೀಯ’ ಎಂಬ ಹೆಸರಿನವು ಬಂದಾಗ ಕಣ್ಣು ತೆರೆದಿರಲಿ. ಎರಡು ಸಾವಿರ ಕಳಿಸಿ, ವಾರದಲ್ಲಿ ಲೇಖನ ಅಚ್ಚು ಎಂದು ವಾಟ್ಸ್‌ಆಪ್‌ನಲ್ಲಿ ಕರೆಯುವ ಅಂಗಡಿಗಳು ಬೀದಿಗೊಂದಿವೆ. ಒಪ್ಪಬಹುದಾದ ಜರ್ನಲ್‌ಗಳದೆಂದು ಯುಜಿಸಿ 2019ರಲ್ಲಿ ಶುರು ಮಾಡಿದ ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತಿತು. ಈಗ ಒಳ್ಳೆಯದು ಯಾವುದು, ಪೊಳ್ಳು ಯಾವುದು ಎಂದು ಸಂಸ್ಥೆಗಳೇ ತೀರ್ಮಾನಿಸಬೇಕು. ಅಂದರೆ ನಿನ್ನ ತಲೆಗೇ ಬಂತು. ಮೊದಲು ಜರ್ನಲ್ಲಿನ ಗುರುತಿನ ಸಂಖ್ಯೆ ಐಎಸ್‌ಎಸ್‌ಎನ್ ನೋಡು. ಇದಕ್ಕೊಂದು ಮನೆಲೆಕ್ಕವಿದೆ. ‘ಕರೆಂಟ್ ಸೈನ್ಸ್’ನ ಸಂಖ್ಯೆ 0011-3891. ಮೊದಲ ಏಳು ಅಂಕಿಗಳನ್ನು ಎಡದಿಂದ ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸು: 0, 0, 6, 5, 12, 24, 18. ಕೂಡಿದರೆ 65. ಅದನ್ನು 11ರಿಂದ ಭಾಗಿಸಿದರೆ ಶೇಷ 10. 11ರಲ್ಲಿ 10 ಕಳೆ, 1 ಉಳಿಯಿತು. ಕೊನೆಯ ಅಂಕಿ ಅದೇ. ಉತ್ತರ 10 ಬಂದರೆ ಕೊನೆಗೆ X, 11 ಬಂದರೆ 0 ಇರಬೇಕು. ಲೆಕ್ಕ ತಾಳೆಯಾಗದಿದ್ದರೆ ಆ ಸಂಖ್ಯೆಯೇ ಸುಳ್ಳು. ತಾಳೆಯಾದರೂ ಐಎಸ್‌ಎಸ್‌ಎನ್‌ನವರ ಜಾಲತಾಣದಲ್ಲಿ ಆ ಹೆಸರಿಗೇ ಕೊಟ್ಟದ್ದೇ ಎಂದು ನೋಡು, ಏಕೆಂದರೆ ನಿಜವಾದ ಜರ್ನಲ್ಲಿನ ಸಂಖ್ಯೆ ಕದ್ದು ಹಾಕಿಕೊಳ್ಳುವವರೂ ಇದ್ದಾರೆ. ಆ ಸಂಖ್ಯೆ ಬರೀ ಗುರುತು, ಗುಣಮಟ್ಟದ ಮುದ್ರೆಯಲ್ಲ. ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಅವರಿಗೆ ತಮ್ಮ ಹೆಸರು ಅಲ್ಲಿರುವುದು ಗೊತ್ತಿದೆಯೇ, ಹಿಂದಿನ ಸಂಚಿಕೆಗಳಲ್ಲಿ ಏನು ಬಂದಿದೆ ಎಂದು ಓದಿ ನೋಡದೆ ಬೇರೆ ದಾರಿಯಿಲ್ಲ. ಮೇಷ್ಟ್ರಿಗೆ ಬೇಜಾರಾದರೆ ಆಗಲಿ.

ಚಂದಾ ಕಟ್ಟಿದ ಮೇಲೆ ನಿಜವಾದ ಕೆಲಸ. ಪುಸ್ತಕ ಒಮ್ಮೆ ಬರುತ್ತದೆ, ಪತ್ರಿಕೆ ಬರುತ್ತಲೇ ಇರಬೇಕು. ರಂಗನಾಥನ್ ಇದಕ್ಕೆ ಮೂರು ಕಾರ್ಡಿನ ಪದ್ಧತಿ ಮಾಡಿದ್ದರು. ಗ್ರಂಥಾಲಯ ಶಾಸ್ತ್ರದ ಈ ಹಿರಿಯರು 1957ರಲ್ಲಿ ಬೆಂಗಳೂರಿಗೆ ಬಂದು, 1962ರಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡವರು. ಒಂದು ಕಾರ್ಡಿನಲ್ಲಿ ಬಂದ ಸಂಚಿಕೆಯನ್ನು ಗುರುತು ಹಾಕುವುದು, ಇನ್ನೊಂದು ವಿಷಯವಾರು ಜೋಡಿಸುವುದು. ಮೂರನೆಯದರಲ್ಲಿದೆ ಜಾಣತನ: ಮುಂದಿನ ಸಂಚಿಕೆ ಯಾವ ವಾರ ಬರಬೇಕೋ ಆ ವಾರದ ಗುರುತಿನ ರಟ್ಟಿನ ಹಿಂದೆ ಆ ಕಾರ್ಡನ್ನು ನಿಲ್ಲಿಸುವುದು. ಸಂಚಿಕೆ ಬಂದರೆ ಕಾರ್ಡು ಮುಂದಕ್ಕೆ ಹೋಗುತ್ತದೆ. ಶನಿವಾರ ಸಂಜೆ ಆ ವಾರದ ರಟ್ಟಿನ ಹಿಂದೆ ಯಾವ ಕಾರ್ಡು ಉಳಿದಿದೆಯೋ ಆ ಸಂಚಿಕೆ ಬಂದಿಲ್ಲ. ಯಾರನ್ನೂ ಕೇಳಬೇಕಿಲ್ಲ. ಈಗ ಕೋಹಾ ತಂತ್ರಾಂಶದ ಸೀರಿಯಲ್ಸ್ ಭಾಗ ಇದೇ ಕೆಲಸ ಮಾಡುತ್ತದೆ, ತಡವಾದದ್ದನ್ನು ತಾನೇ ತೋರಿಸುತ್ತದೆ. ಕಂಪ್ಯೂಟರ್ ಕೆಟ್ಟು ಕೂತಿದ್ದರೆ ಹಳೇ ರಟ್ಟಿನ ಡಬ್ಬವೂ ಸಾಕು.

ಬಾರದ್ದಕ್ಕೆ ಆ ತಿಂಗಳಲ್ಲೇ ಕಾಗದ ಬರೆ. ವರ್ಷದ ಕೊನೆಗೆ ಕೇಳಿದರೆ ‘ಪ್ರತಿ ಮುಗಿದಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಹುಪಾಲು ಪತ್ರಿಕೆಗಳು ಸಾದಾ ಅಂಚೆಯಲ್ಲಿ ಬರುವುದರಿಂದ ಎಲ್ಲಿ ನಿಂತಿತೆಂದು ಹುಡುಕಲು ನಂಬರು ಇರುವುದಿಲ್ಲ. ಪೋಸ್ಟ್‌ಮ್ಯಾನ್ ಜೊತೆ ಸ್ನೇಹವಿರಲಿ. ಕಾಲೇಜಿಗೆ ರಜೆಯಿದ್ದಾಗ ಕವರನ್ನು ಗೇಟಿನ ಸಂದಿಯಲ್ಲಿ ತೂರಿಸಿ ಹೋಗಬಾರದೆಂದು ಹೇಳಿಡು. ಮಗ್ಗದ ಊರಿಗೆ ಹೊರಟವಳಿಗೆ ಹೆಚ್ಚು ಹೇಳಬೇಕಿಲ್ಲ: ಹಾಸಿನಲ್ಲಿ ಒಂದೆಳೆ ಹರಿದದ್ದು ಸೀರೆ ಮುಗಿಯುವತನಕ ಕಾಣುತ್ತದೆ, ಸಂಪುಟದಲ್ಲಿ ಒಂದು ಸಂಚಿಕೆ ಇಲ್ಲದ್ದೂ ಹಾಗೇ.

ವರ್ಷ ತುಂಬಿದ ಮೇಲೆ ಜೋಡಿಸಿ, ವಾರ್ಷಿಕ ಸೂಚಿ ಬಂದಿದ್ದರೆ ಮುಂದಿಟ್ಟು ಬೈಂಡ್ ಮಾಡಿಸು. ಮುಖಪುಟ, ಜಾಹೀರಾತು ಕಿತ್ತೆಸೆಯಲು ಬೈಂಡರನಿಗೆ ಬಿಡಬೇಡ. ಐವತ್ತು ವರ್ಷದ ಮೇಲೆ ಸೀರೆಯ ಬೆಲೆ ಎಷ್ಟಿತ್ತು ಎಂದು ಹುಡುಕುವವನಿಗೆ ಆ ಜಾಹೀರಾತೇ ಆಧಾರ. ಮಲೆನಾಡಿನ ಲೈಬ್ರರಿಯವರು ಬೂಷ್ಟಿನ ಜೊತೆ ಹೊಡೆದಾಡಬೇಕು, ನಿನಗೆ ಆ ಕಾಟವಿಲ್ಲ. ಪಾವಗಡದ ಒಣ ಹವೆ ಕಾಗದಕ್ಕೆ ಒಳ್ಳೆಯದು. ಧೂಳು, ಗೆದ್ದಲು ಎರಡನ್ನು ನೋಡಿಕೊಂಡರೆ ಆಯಿತು. ಎಲ್ಲವನ್ನೂ ಇಡಬೇಕೆಂದೂ ಅಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಮಾಸಿಕಗಳು, ಸಿನಿಮಾ ವಾರಪತ್ರಿಕೆಗಳು ವರ್ಷ ಕಳೆದ ಮೇಲೆ ಹಳ್ಳಿಯ ಅರಿವು ಕೇಂದ್ರಕ್ಕೆ ಹೋಗಲಿ. ಈ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ ಎಷ್ಟೋ ಕಡೆ ಜೀವ ಬಂದಿದೆ, ಅಲ್ಲಿ ಓದುವ ಮಕ್ಕಳಿದ್ದಾರೆ.

‘ಎಲ್ಲ ಆನ್‌ಲೈನ್ ಇದೆಯಲ್ಲ, ಈ ಕಸ ಯಾಕೆ?’ ಎಂದು ಯಾರಾದರೂ ರದ್ದಿಗೆ ಹಾಕಲು ಬಂದಾಗ ಒಂದು ಮಾತು ನೆನಪಿಸು. ಆನ್‌ಲೈನಿನಲ್ಲಿ ಸಿಗುವುದು ಬಾಡಿಗೆ. ಕಟ್ಟುವುದು ನಿಂತ ದಿನ ಬಾಗಿಲು ಮುಚ್ಚುವುದೇ ಹೆಚ್ಚು. ‘ಒನ್ ನೇಷನ್’ ಯೋಜನೆಗೆ ಒಪ್ಪಿಗೆಯಾದ ಹಣವೂ 2027ರವರೆಗಿನದು. ಕಪಾಟಿನಲ್ಲಿ ಬೈಂಡಾಗಿ ನಿಂತದ್ದನ್ನು ಯಾವ ಪ್ರಕಾಶಕನೂ ಬಂದು ಬೀಗ ಹಾಕಲಾರ.

ಮುಂದಿನ ಅಕ್ಟೋಬರಿನ ಕಮಿಟಿಗೆ ಈಗಲೇ ಪಟ್ಟಿ ಶುರು ಮಾಡಮ್ಮ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕನ್ನಡದ್ದಿರಲಿ, ಒಂದಾದರೂ ತುಮಕೂರು ಜಿಲ್ಲೆಯಲ್ಲೇ ಅಚ್ಚಾಗುವುದಿರಲಿ. ಪಟ್ಟಿ ಆದ ಮೇಲೆ ನನಗೊಂದು ಪ್ರತಿ ಕಳಿಸು, ನೋಡಿ ಹೇಳುತ್ತೇನೆ.