ಜಮಖಂಡಿ ಸೀಮೆಯಲ್ಲಿ ಬಯಲು ಬಿಡಾರ: ಗೂಟ ಹೊಡೆಯುವ ಮೊದಲು ನೀರು ನೋಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಟೆಂಟ್ ಹಾಕಿಯೋ ವ್ಯಾನಿನಲ್ಲೇ ಮಲಗಿಯೋ ಎರಡು ದಿನ ಕಳೆಯುವ ಯೋಚನೆ ಇದ್ದರೆ ಜಾಗಕ್ಕೇನೂ ಕೊರತೆಯಿಲ್ಲ. ತೋಟದ ಮನೆಯ ಅಂಗಳ, ಗುಡಿಯ ಬಯಲು, ಮಠದ ಆವರಣ, ಎಲ್ಲಿಯಾದರೂ ವಿನಯದಿಂದ ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಪಕ್ಕದಲ್ಲೊಂದು ನಳವೂ ಇರುತ್ತದೆ. ಆ ನಳ ನೋಡಿ ಜಾಗ ಗೊತ್ತು ಮಾಡಬೇಡಿ. ಅದರಲ್ಲಿ ಬರುವುದು ಯಾವ ನೀರು, ಯಾವ ಹೊತ್ತಿಗೆ ಬರುತ್ತದೆ ಎಂದು ಮೊದಲು ಕೇಳಿ.

ಕೃಷ್ಣೆ, ಘಟಪ್ರಭೆ ಹರಿಯುವ ಸೀಮೆಯಲ್ಲಿ ನೀರಿಗೇನು ಬರ ಎನಿಸಬಹುದು. ಚಿಕ್ಕಪಡಸಲಗಿಯ ‘ಶ್ರಮಬಿಂದು ಸಾಗರ’ ಬ್ಯಾರೇಜನ್ನು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿದರು. ಜಮಖಂಡಿಗೆ ಬಂದವರು ಅದನ್ನು ನೋಡದೆ ಹೋಗಬಾರದು. ಆದರೆ ಕರಿಮಣ್ಣಿನ ಹೊಲಕ್ಕೆ ವರ್ಷಗಟ್ಟಲೆ ನೀರು ಹರಿದು, ಬಸಿದು ಹೋಗಲು ದಾರಿಯಿಲ್ಲದ ಕಡೆ ನೆಲ ಸವಳಾಗಿದೆ. ಅಂಥ ಜಾಗದ ಬೋರಿನ ನೀರೂ ಸವಳೇ. ಹೊಳೆ ಕಣ್ಣೆದುರಿಗೇ ಇದ್ದರೂ ಕುಡಿಯುವ ನೀರನ್ನು ದೂರದಿಂದ ತರುವ ಮನೆಗಳು ಇಲ್ಲಿವೆ.

ಹಾಗಾಗಿ ತೋಟದ ಹಿರಿಯರನ್ನೇ ಕೇಳಿ: “ಕಾಕಾರ, ಈ ನೀರು ಕುಡ್ಯಾಕ ಬರ್ತಾವೇನ್ರಿ?” “ಬಳಸಾಕ ನಡೀತಾವ್ರಿ, ಕುಡ್ಯಾಕ ಬ್ಯಾಡ್ರಿ” ಎಂದರೆ ಮತ್ತೆ ಪರೀಕ್ಷೆ ಬೇಕಿಲ್ಲ. ಕುಡಿಯಲು, ಅಡುಗೆಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತುಂಬಿಸಿಕೊಳ್ಳಿ. ನಾಣ್ಯ ಹಾಕುವ ಯಂತ್ರಗಳಾದ್ದರಿಂದ ಚಿಲ್ಲರೆ ಜೇಬಿನಲ್ಲಿರಲಿ. ಬೇಸಿಗೆಯಲ್ಲಿ ನಾಲ್ಕು ಜನಕ್ಕೆ ಕುಡಿಯಲಿಕ್ಕೇ ದಿನಕ್ಕೊಂದು ಕ್ಯಾನ್ ಬೇಕು. ಕುದಿಸಿದರೆ ರೋಗಾಣು ಸಾಯುತ್ತವೆ, ಉಪ್ಪೂ ಫ್ಲೋರೈಡೂ ಹೋಗುವುದಿಲ್ಲ. ಟಿಡಿಎಸ್ ಮೀಟರ್ ಇದ್ದರೆ ಲವಣದ ಅಂದಾಜು ಸಿಗುತ್ತದೆ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಬೇರೆ ಮೂಲ ಇಲ್ಲದಿದ್ದರೆ 2000ದವರೆಗೆ ಸಡಿಲಿಕೆ ಇದೆ. ಆ ಮೀಟರ್ ರೋಗಾಣುಗಳ ಬಗ್ಗೆ ಏನೂ ಹೇಳುವುದಿಲ್ಲ ಎಂಬುದು ನೆನಪಿರಲಿ.

ಬಳಕೆಯ ನೀರಿಗೆ ಪೈಪ್ ಜೋಡಿಸುವಾಗ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಬ್ಬಿನ ಹೊಲದ ಡ್ರಿಪ್ ಲೈನಿಗೆ ಕೈ ಹಾಕಬೇಡಿ. ಆ ಲೈನಿನಲ್ಲಿ ವೆಂಚುರಿ ಕೂಡಿಸಿ ಯೂರಿಯಾ ಮುಂತಾದ ಗೊಬ್ಬರವನ್ನು ನೀರಿನ ಜೊತೆಗೇ ಬಿಡುತ್ತಾರೆ. ಹೊರಗಿನಿಂದ ನೋಡಿದರೆ ತಿಳಿನೀರೇ. ಮುಖ ತೊಳೆಯಲೂ ಆ ನೀರು ಬೇಡ. ಮನೆಯ ಸಿಂಟೆಕ್ಸ್‌ನಿಂದ ಇಳಿದು ಬರುವ ನಳವನ್ನೇ ಆರಿಸಿಕೊಳ್ಳಿ.

ಸಿಂಟೆಕ್ಸ್ ಇದ್ದರೆ ಕರೆಂಟಿನ ತಾಪತ್ರಯವೂ ಕಡಿಮೆ. ಹೊಲದ ಪಂಪ್‌ಸೆಟ್ಟಿಗೆ ಥ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವೇ ತಾಸು, ಅದೂ ಒಮ್ಮೊಮ್ಮೆ ರಾತ್ರಿಪಾಳಿ. ಬೋರಿನಿಂದ ನೇರ ಪೈಪ್ ಎಳೆದಿದ್ದರೆ ಕರೆಂಟ್ ಹೋದ ಗಳಿಗೆಯನ್ನು ಗಮನಿಸಿ. ಪಂಪ್ ನಿಂತು ಪೈಪಿನ ನೀರು ಹಿಂದಕ್ಕಿಳಿಯುವಾಗ ಪೈಪಿನ ತುದಿ ಗೊರ್ ಎಂದು ಎಳೆಯತೊಡಗುತ್ತದೆ. ತುದಿ ಎಮ್ಮೆ ಕುಡಿಯುವ ದೋಣಿಯಲ್ಲೋ ಸೋಪಿನ ಬಕೆಟ್ಟಿನಲ್ಲೋ ಮುಳುಗಿದ್ದರೆ ಆ ಕೊಳಕೆಲ್ಲ ಪೈಪಿನೊಳಕ್ಕೆ ಹೋಗುತ್ತದೆ. ಆತಿಥ್ಯ ಕೊಟ್ಟವರ ಬೋರು ಕೆಡಿಸಬಾರದು. ಪೈಪಿನ ತುದಿ ಯಾವಾಗಲೂ ಬಕೆಟ್ಟಿನ ಅಂಚಿಗಿಂತ ನಾಲ್ಕು ಬೆರಳು ಮೇಲಿರಲಿ.

ಜೊತೆಗೆ ಅರ್ಧ ಇಂಚು, ಮುಕ್ಕಾಲು ಇಂಚು ಎರಡೂ ಅಳತೆಯ ಕನೆಕ್ಟರ್, ಕ್ಲ್ಯಾಂಪ್, ಟೆಫ್ಲಾನ್ ಟೇಪ್, ಒಂದೆರಡು ವಾಷರ್ ಇಟ್ಟುಕೊಳ್ಳಿ. ಬಿಸಿಲಿಗೆ ಬಿದ್ದ ಪೈಪಿನ ಮೊದಲ ನೀರು ಕಾದು ಪ್ಲಾಸ್ಟಿಕ್ ವಾಸನೆ ಹೊಡೆಯುತ್ತದೆ, ಅದನ್ನು ಗಿಡಕ್ಕೆ ಬಿಡಿ. ಕೆಲಸ ಮುಗಿದ ಮೇಲೆ ಪೈಪ್ ಬಸಿದು, ಎರಡೂ ತುದಿ ಒಂದಕ್ಕೊಂದು ಸೇರಿಸಿ ಸುತ್ತಿಟ್ಟರೆ ಒಳಗೆ ಮಣ್ಣು, ಹುಳ ಸೇರುವುದಿಲ್ಲ. ಗಡಸು ನೀರಿನಿಂದ ನಳದ ಜಾಳಿಗೆಗೆ ಬಿಳಿ ಪೊರೆ ಕಟ್ಟಿದ್ದರೆ ನಿಂಬೆರಸದಲ್ಲಿ ನೆನೆಸಿ ಉಜ್ಜಿ.

ನಳದ ಬುಡವನ್ನೂ ನೋಡಿ. ಕರಿಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಹೂತ ಪೈಪಿನ ಜಾಯಿಂಟ್ ಬಿಡುವುದು ಹೀಗೆಯೇ. ಸುತ್ತಲ ನೆಲ ಒಣಗಿದ್ದು ಒಂದೇ ಕಡೆ ಸದಾ ಹಸಿಯಿದ್ದರೆ ಅಲ್ಲಿ ಸೋರುತ್ತಿದೆ ಎಂದೇ ತಿಳಿಯಿರಿ. ನೀರು ನಿಂತಾಗ ಅದೇ ಸಂದಿನಿಂದ ಕೆಸರು ಒಳಗೆ ಹೋಗುತ್ತದೆ.

ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನ ದಂಡೆ ಬಲು ಚೆಂದ. ಆದರೂ ನೀರು ಸರಿದ ಹಸಿ ಅಂಚಿನಲ್ಲಿ ಬಿಡಾರ ಬೇಡ. ಯಡಹಳ್ಳಿಯ ಚಿಂಕಾರ ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿ. ಮಳೆಗಾಲದಲ್ಲಿ ಮಹಾರಾಷ್ಟ್ರದ ಅಣೆಕಟ್ಟುಗಳಿಂದ ನೀರು ಬಿಟ್ಟ ಸುದ್ದಿ ಬಂದರೆ ಹೊಳೆದಂಡೆ ಬಿಟ್ಟು ಎತ್ತರಕ್ಕೆ ಹೋಗಿ. 2019ರ ಆಗಸ್ಟ್ ಪ್ರವಾಹವನ್ನು ಜಮಖಂಡಿ, ಮುಧೋಳದ ಹೊಳೆಸಾಲಿನ ಊರುಗಳು ಮರೆತಿಲ್ಲ. ಪ್ರವಾಹ ಇಳಿದ ಮೇಲೆ ಟ್ಯಾಂಕ್ ತೊಳೆದು, 1000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕಲಸಿ, ಅರ್ಧ ತಾಸು ಬಿಟ್ಟು ಬಳಸಬೇಕು.

ಸ್ನಾನದ, ಪಾತ್ರೆ ತೊಳೆದ ನೀರನ್ನು ಬೋರಿನಿಂದ ದೂರ, ಇಳಿಜಾರಿನ ಕಡೆ ಬಿಡಿ. ವ್ಯಾನ್ ಮಾತ್ರ ಗರಸು ಹಾಕಿದ ಜಾಗದಲ್ಲಿ ನಿಲ್ಲಿಸಿ. ನೆನೆದ ಕರಿಮಣ್ಣಿನಲ್ಲಿ ಗಾಲಿ ಹೂತರೆ ಎಳೆಯಲು ಟ್ರ್ಯಾಕ್ಟರೇ ಬರಬೇಕು.