‘ಇದ್ದ ಸ್ಥಿತಿಯಲ್ಲಿ’ ಮಾರುವ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಹಿರಿಯರ ಮಾತು. ಕಟ್ಟಿದ ಮನೆಯನ್ನು ಕೊಳ್ಳುವುದೂ ಅಷ್ಟೇ ಎಚ್ಚರಿಕೆಯ ಕೆಲಸ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಹಳೆಯ ಮನೆ ಮಾರುವಾಗ ‘ಇದ್ದ ಸ್ಥಿತಿಯಲ್ಲಿ ಕೊಟ್ಟಿದ್ದೇವೆ’ ಎಂದು ಖರೀದಿ ಪತ್ರದಲ್ಲಿ ಬರೆಯುವುದುಂಟು. ಇದರ ಅರ್ಥವನ್ನು ನಾವು ತಿಳಿಯೋಣ.

ಬಿರುಕು ಬಿಟ್ಟ ಗೋಡೆ, ಸೋರುವ ಮಾಳಿಗೆ ಮುಂತಾದ ಕಣ್ಣಿಗೆ ಕಾಣುವ ದೋಷಗಳು ಕೊಂಡವರ ಪಾಲಿಗೇ ಬರುತ್ತವೆ. ಆದರೆ ಮಾರುವವನಿಗೆ ಗೊತ್ತಿದ್ದು, ಸಾಮಾನ್ಯ ಎಚ್ಚರಿಕೆಯಿಂದ ನಮಗೆ ಕಾಣದ ಮುಖ್ಯ ದೋಷವನ್ನು ಅವನು ತಿಳಿಸಬೇಕು. ಮುಚ್ಚಿಟ್ಟರೆ ಅದು ಮೋಸವೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಈ ಆಸರೆ ತಪ್ಪಬಹುದು.

ಗೋಡೆಯ ಬಿರುಕಿಗಿಂತ ಹಕ್ಕಿನ ಬಿರುಕು ದೊಡ್ಡದು. ಆದ್ದರಿಂದ ಇಸಾರ ಕೊಡುವ ಮೊದಲೇ ನಾವು ನಾಲ್ಕು ಸಂಗತಿ ನೋಡಬೇಕು:

1. ಪಟ್ಟಣದಲ್ಲಿ ಸಿಟಿ ಸರ್ವೆ ಉತಾರ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಉತಾರ ಯಾರ ಹೆಸರಿನಲ್ಲಿದೆ? ಉತಾರವೊಂದೇ ಒಡೆತನಕ್ಕೆ ಪೂರ್ಣ ಪುರಾವೆಯಲ್ಲ; ಹಳೆಯ ಖರೀದಿ ಪತ್ರಗಳೂ ಬೇಕು.

2. ಮನೆಯ ಮೇಲೆ ಸಾಲದ ಬೋಜಾ ಇದೆಯೇ? ಸಬ್ ರಿಜಿಸ್ಟ್ರಾರ್ ಕಚೇರಿಯ ದಾಖಲೆಗಳನ್ನೂ ಶೋಧಿಸಬೇಕು.

3. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಮನೆಯಲ್ಲಿ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ಅವರೆಲ್ಲರ ಸಹಿ ಇದೆಯೇ?

4. ಒಳಗೆ ಬಾಡಿಗೆದಾರರಿದ್ದಾರೆಯೇ? ಮಾಲೀಕ ಬದಲಾದ ಮಾತ್ರಕ್ಕೆ ಅವರ ಹಕ್ಕು ಹೋಗುವುದಿಲ್ಲ.

ನಮ್ಮ ಭಾಗದಲ್ಲಿ ಈ ಕಾಗದಗಳು ಹೆಚ್ಚಾಗಿ ಮರಾಠಿಯಲ್ಲಿರುತ್ತವೆ. ವಿದ್ಯಾರ್ಥಿಗಳೇ, ನೀವು ಎರಡೂ ಭಾಷೆ ಕಲಿತವರು. ಅವನ್ನು ತಂದೆತಾಯಿಗಳಿಗೆ ಒಂದಕ್ಷರವನ್ನೂ ಬಿಡದೆ ಓದಿ ಹೇಳಿರಿ. ತಿಳಿಯದ ಮಾತು ಬಂದರೆ ವಕೀಲರನ್ನು ಕೇಳಿದ ನಂತರವೇ ಸಹಿಯಾಗಲಿ.